ತಣ್ಣನೆ ನೆಲದ ಉಷ್ಣ

ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆ ಕಟ್ಟಿಸುವಾಗ ನಮ್ಮ ಮಾವನವರು ಯಾವುದೋ ಇಂಗ್ಲಿಷ್ ಪತ್ರಿಕೆ ಓದಿಬಿಟ್ಟರು. ಹಿಮ ಬೀಳುವ ದೇಶಗಳಲ್ಲಿ ನೆಲದಡಿ ಕರೆಂಟಿನ ತಂತಿ ಹೂತು ಮನೆ ಬೆಚ್ಚಗಿಡುತ್ತಾರಂತೆ. ಸರಿ, ನಮ್ಮ ನಡುಮನೆಯ ಕೆಂಪು ಗಾರೆಯ ಕೆಳಗೂ ಚಕ್ಕುಲಿ ಸುತ್ತಿದ ಹಾಗೆ ತಂತಿ ಹಾಸಿಸಿದರು. ಇಲ್ಲಿ ಹಿಮ ಎಲ್ಲಿದೆ ಅಂತ ಕೇಳಲು ಸೊಸೆಯಾದ ನನಗೆ ಬಾಯಿರಲಿಲ್ಲ.

ಒಕ್ಕಲಾದ ವಾರಕ್ಕೇ ಅತ್ತೆಗೆ ಕಣ್ಣುರಿ, ಮೈದುನನಿಗೆ ಬಾಯಿಹುಣ್ಣು. "ಎಲ್ಲಾ ಆ ನೆಲದ ಉಷ್ಣ ಕಣೇ," ಅಂದರು ಅತ್ತೆ. ದಿನಾ ಬೆಳಿಗ್ಗೆ ಎಲ್ಲರ ಅಂಗಾಲಿಗೂ ಹರಳೆಣ್ಣೆ. ನುಣ್ಣನೆ ನೆಲದ ಮೇಲೆ ಎಣ್ಣೆಗಾಲು! ಮಾವನವರು ಎರಡು ಸಲ ಜಾರಿಬಿದ್ದರು. ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯಿತು. ಕೊನೆಗೆ ರೇಗಿ ಹೇಳಿಯೇಬಿಟ್ಟೆ: "ಅತ್ತೆ, ಈ ಬೀದಿಗೆ ಇನ್ನೂ ಕರೆಂಟೇ ಬಂದಿಲ್ಲ!"

"ಬರದೇನೇ ಇಷ್ಟು ಉಷ್ಣ. ಬಂದರೆ ಏನು ಗತಿ?" ಅಂತ ನೆಲಕ್ಕೇ ಹರಳೆಣ್ಣೆ ಹಚ್ಚಿಸಿದರು, ಅದೂ ನನ್ನ ಕೈಲಿ.

ಆರು ತಿಂಗಳ ಮೇಲೆ ಕರೆಂಟ್ ಬಂತು. ಮಾವನವರು ದೇವರಿಗೆ ಕೈಮುಗಿದು ಸ್ವಿಚ್ ಹಾಕಿದರು. ಸಂಜೆಯವರೆಗೂ ನಾವು ಕಾದೆವು, ನೆಲ ಕಾಯಲಿಲ್ಲ.

ಅತ್ತೆ ಬರಿಗಾಲಲ್ಲಿ ಅದರ ಮೇಲೆ ನಿಂತು ನನ್ನ ಕಡೆ ತಿರುಗಿದರು. "ನೋಡಿದ್ಯಾ? ಹರಳೆಣ್ಣೆ ಅಂದ್ರೆ ಸುಮ್ನೇನಾ!"