ಮದುಮಗಳಿಗೊಂದು ಮಾವಿನ ಸಸಿ

ಮೊನ್ನೆ ಕಟ್ಟೆಯ ಮೇಲೆ ನಾನು, ಸೊಸೆ, ಎದುರುಮನೆಯ ಮಾಸ್ತರರು ಕೂತಿದ್ದೆವು. ಮಾಸ್ತರರು ತೋರಣಕ್ಕೆಂದು ಒಂದು ಮಾವಿನ ಟೊಂಗೆ ಮುರಿದು ತಂದಿದ್ದರು. ಮುರಿದ ತುದಿಯಲ್ಲಿ ಸೊನೆ ಒಸರುತ್ತಿತ್ತು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಸೆ ಏನು ಹೇಳುತ್ತಿದ್ದಳೋ ನನಗೆ ಕೇಳಿಸಲೇ ಇಲ್ಲ. ಬ್ರಿಟಿಷರ ಕಾಲದ ಧಾರವಾಡ, ನನ್ನ ತವರಿನ ಓಣಿ, ಪಕ್ಕದ ಮನೆಯ ಕಾಕಾ... ಅವರ ಕೈಗೆ ಸದಾ ಈ ವಾಸನೆ ಇರುತ್ತಿತ್ತು.

ಕಾಕಾ ನಮಗೆ ರಕ್ತಸಂಬಂಧಿಯೇನಲ್ಲ. ಕಾಳುಕಡಿಯ ಸಣ್ಣ ಅಂಗಡಿ ಇತ್ತು. ಜೀವ ಮಾತ್ರ ಹಿತ್ತಲಿನ ದೊಡ್ಡ ಮಾವಿನ ಗಿಡದಲ್ಲಿ. ಮಳೆಗಾಲ ಬಂತೆಂದರೆ ಅದರ ಸುತ್ತ ಬಿದಿರಿನ ಅಟ್ಟ ಕಟ್ಟುವರು. ಅಟ್ಟದ ಮೇಲೆ ನಾಟಿ ಸಸಿಯ ಕುಂಡಗಳನ್ನಿಟ್ಟು, ಸಸಿಯ ಮೈಗೆ ಟೊಂಗೆಯ ಮೈ ಕೂಡಿಸಿ, ಬಾಳೆನಾರಿನಿಂದ ಬಿಗಿದು ಕಸಿ ಕಟ್ಟುವರು. ಅವನ್ನು ಮಾರುತ್ತಿರಲಿಲ್ಲ. ಓಣಿಯ ಹುಡುಗಿ ಮದುವೆಯಾಗಿ ಹೊರಟಾಗ, ಹೆಂಗಸರು ಉಡಿ ತುಂಬಿದ ಮೇಲೆ ಕಾಕಾ ಬಂದು ಒಂದು ಸಸಿ ಕೊಡುತ್ತಿದ್ದರು.

“ಅತ್ತಿಮನ್ಯಾಗ ಯಾರ ಮ್ಯಾಲರೆ ಸಿಟ್ಟು ಬಂತಂದ್ರ ಹೋಗಿ ಇದಕ್ಕ ಒಂದು ಕೊಡ ನೀರು ಹಾಕವಾ. ಗಿಡಾನೂ ಬೆಳೀತೈತಿ, ಸಿಟ್ಟೂ ಇಳೀತೈತಿ.”

ಅದೇ ಊರಿನ ಇನ್ನೊಂದು ಓಣಿಗೆ ಮದುವೆಯಾಗಿ ಹೊರಟ ನನಗೂ ಹಾಗೇ ಹೇಳಿದ್ದರು. ನಮ್ಮ ಅತ್ತೆಯ ಬಾಯಿ ಜೋರು. ನನ್ನ ಗಿಡ ಬಹಳ ಬೇಗ ಬೆಳೆಯಿತು!

ಕಾಕಾ ಮೊಟ್ಟಮೊದಲ ಸಸಿ ಕೊಟ್ಟದ್ದು ತಮ್ಮ ಒಬ್ಬಳೇ ಮಗಳಿಗೆ. ಅವಳನ್ನು ಹತ್ತಿರದ ಹಳ್ಳಿ ಅಮ್ಮಿನಬಾವಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಯಲ್ಲಿ ಆ ಅಕ್ಕ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಅಳಿಯ ಮತ್ತೆ ಮದುವೆಯಾದ. ಕಾಕಾ ಮಾತ್ರ ಪ್ರತಿ ಬೇಸಿಗೆ ಗಿಡ ನೋಡಿ ಬರುತ್ತೇನೆಂದು ನೆಪ ಹೇಳಿ ಅಲ್ಲಿಗೆ ಹೋಗುತ್ತಿದ್ದರು. ಹೋಗಿ ಅದರ ಬುಡದಲ್ಲಿ ಸುಮ್ಮನೆ ಕೂತು ಬರುತ್ತಿದ್ದರಂತೆ...

ಗಿಡಗಳಿಗೆ ಆ ರೋಗ ಬಂದದ್ದು ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ. ಟೊಂಗೆಗಳು ತುದಿಯಿಂದ ಒಣಗುತ್ತ ಬರುವವು, ಬೊಡ್ಡೆಯಿಂದ ಕಪ್ಪು ಅಂಟು ಸೋರುವುದು. ಮುನಸಿಪಾಲ್ಟಿಯವರು ಮೊದಲು ಸುಣ್ಣದಲ್ಲಿ ಮೈಲುತುತ್ತ ಕಲಸಿ ಎಲ್ಲ ಬೊಡ್ಡೆಗಳಿಗೂ ಬಳಿಸಿದರು. ಊರಿನ ಗಿಡಗಳೆಲ್ಲ ಸೊಂಟದವರೆಗೆ ನೀಲಿ. ಆದರೂ ರೋಗ ನಿಲ್ಲಲಿಲ್ಲ. ಆಮೇಲೆ ಡಂಗುರ ಹೊಡೆಸಿದರು: ರೋಗದ ಗಿಡ ಇದ್ದವರು ತಾವಾಗಿ ತಿಳಿಸಬೇಕು, ಕಡಿದು ಬೇರುಸಹಿತ ಸುಡಲಾಗುವುದು. ಯಾರು ತಿಳಿಸುತ್ತಾರೆ? ಹಿತ್ತಲಿನ ಬಾಗಿಲಿಗೆ ಅಗಳಿ ಹಾಕಿ, ನಮ್ಮಲ್ಲಿ ಗಿಡವೇ ಇಲ್ಲ ಎಂದರು.

ರೋಗ ನೋಡಲು ಬಂದಿದ್ದ ಸಾಹೇಬರು ಊರೆಲ್ಲ ಸುತ್ತಿ ಕೊನೆಗೆ ಕಾಕಾನ ಹಿತ್ತಲಿಗೆ ಬಂದು ನಿಂತರು. ರೋಗದ ಮೂಲ ಆ ದೊಡ್ಡ ಗಿಡ. ಅದರಿಂದ ಕಸಿ ಕಟ್ಟಿದ ಪ್ರತಿಯೊಂದು ಗಿಡದ ಒಳಗೂ ರೋಗ ಇದೆ. ಇವತ್ತು ಹಸಿರಾಗಿ ಕಂಡರೂ ನಾಳೆ ಅದು ಸುತ್ತಲಿನ ತೋಟಗಳಿಗೆ ಹಬ್ಬುತ್ತದೆ, ಮಾವನ್ನೇ ನಂಬಿದವರ ಅನ್ನ ಹೋಗುತ್ತದೆ ಎಂದರು. ಯಾರಾರಿಗೆ ಕೊಟ್ಟಿರಿ ಎಂದು ಕೇಳಿದರು. ಅದು ಕಾಕಾನ ಹೊರತು ಬೇರೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಕಾಕಾ ದೊಡ್ಡ ಗಿಡದ ಬೊಡ್ಡೆಗೆ ಒಮ್ಮೆ ಕೈಯಾಡಿಸಿದರೆಂದು ನನ್ನ ತಾಯಿ ಹೇಳುತ್ತಿದ್ದಳು. ಆಮೇಲೆ, “ನಾನಽ ಕರಕೊಂಡು ಹೋಗಿ ತೋರಸ್ತೇನ್ರಿ,” ಎಂದರಂತೆ.

ಮೊದಲು ಹಿತ್ತಲಿನ ಆ ದೊಡ್ಡ ಗಿಡ ಬಿತ್ತು. ಆಮೇಲೆ ಕಾಕಾ ಮುಂದೆ, ಕೊಡಲಿಯ ಆಳುಗಳು ಹಿಂದೆ. ಒಂದೊಂದು ಮನೆಯಲ್ಲೂ ತಾವೇ ಆ ಹೆಣ್ಣುಮಗಳನ್ನು ಕರೆದು ಹೇಳುತ್ತಿದ್ದರು. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಇನ್ನೊಬ್ಬಳು, “ಕೊಡೂ ಮುಂದ ಕಾಕಾ ಆಗಿದ್ರಿ, ಈಗ ಯಮಾ ಆಗಿ ಬಂದ್ರೇನು?” ಎಂದಳು.

ನಮ್ಮ ಮನೆಗೆ ಬಂದಾಗ ನನ್ನ ಗಿಡ ಮೊದಲ ಸಲ ಹೂ ಬಿಟ್ಟಿತ್ತು. ನಾನು ಅಳುತ್ತ ಮಜ್ಜಿಗೆ ತಂದುಕೊಟ್ಟೆ. ನಮ್ಮ ಅತ್ತೆ ಸುಮ್ಮನಿರಲಿಲ್ಲ.

“ಊರ ಮಂದಿ ಗಿಡಕ್ಕೆಲ್ಲಾ ಕೊಡಲಿ ಹಚ್ಚಿದ್ರಿ, ಛಲೋ ಆತು. ಅಮ್ಮಿನಬಾವಿ ಗಿಡಾ ಎಂದ ಕಡಸ್ತೀರಿ ಅಣ್ಣಾರ?”

ಆಳುಗಳ ಮೇಲಿದ್ದ ಮುನಸಿಪಾಲ್ಟಿಯ ಮುಕಾದಮನೇ ಅಡ್ಡ ಬಂದ. “ಅದು ನಮ್ಮ ಹದ್ದಿನ್ಯಾಗ ಬರೂದಿಲ್ರಿ ಅವ್ವಾರ. ಅದನ್ನ ಯಾರೂ ಕೇಳೂದಿಲ್ಲ.”

ಕಾಕಾ ಮಜ್ಜಿಗೆಯ ತಂಬಿಗೆಯನ್ನು ಕಟ್ಟೆಯ ಮೇಲೆ ಹಾಗೇ ಇಟ್ಟು ಎದ್ದರು.

ಕೆಲವು ದಿನ ಕಳೆದು ಮತ್ತೆ ಬಂದರು. ಒಳಗೆ ಬಾರದೆ ಅತ್ತೆಗೆ ಹೇಳಿದರು: “ಅಕ್ಕಾರ, ನಾಳೆ ಮುಂಜಾನೆ ಅಮ್ಮಿನಬಾವಿಗೆ ಹೊಂಟೇನ್ರಿ. ನೀವೂ ಬರ್ರಿ. ಕಣ್ಣಾರೆ ನೋಡಿದ್ರ ಊರಾಗ ಹೇಳಾಕ ಬರತೈತಿ.” ಅದರಲ್ಲಿ ಕುಹಕವಿರಲಿಲ್ಲ. ಅತ್ತೆಗೆ ಇಲ್ಲ ಎನ್ನಲು ಆಗಲಿಲ್ಲ. ಒಬ್ಬಳೇ ಹೋಗಲು ಅಳುಕಾಗಿ ನನ್ನನ್ನೂ ಚಕ್ಕಡಿ ಹತ್ತಿಸಿದಳು.

ಗಿಡ ದಟ್ಟ ಹಸಿರಾಗಿತ್ತು, ಒಂದು ಎಲೆಯೂ ಒಣಗಿರಲಿಲ್ಲ. ಅಳಿಯನ ಎರಡನೆಯ ಹೆಂಡತಿ ಅದರ ಟೊಂಗೆಗೆ ತೊಟ್ಟಿಲು ಕಟ್ಟಿದ್ದಳು. ಕಾಕಾ ಬಂದ ಕಾರಣ ಹೇಳಿದಾಗ ಅವಳು ಕೂಸನ್ನು ಎತ್ತಿಕೊಂಡು, ತೊಟ್ಟಿಲು ಬಿಚ್ಚಿದಳು. ಆಮೇಲೆ ಮೆಲ್ಲಗೆ, “ಅಪ್ಪಾರ, ನಮ್ಮಕ್ಕಂದು ಅಂತ ಈ ಮನ್ಯಾಗ ಇದೊಂದಽ ಉಳದೈತ್ರಿ,” ಎಂದಳು.

ನಮ್ಮ ಅತ್ತೆ ಹೋಗಿ ಕಾಕಾನ ಕೈಯ ಕೊಡಲಿ ಹಿಡಿದುಕೊಂಡಳು. “ಅಣ್ಣಾರ, ನನ್ನ ನಾಲಿಗಿ ಸುಡ್ಲಿ. ಸಿಟ್ಟಿನ್ಯಾಗ ಅಂದೇನ್ರಿ. ಇದೊಂದು ಇರ್ಲಿ ಬಿಡ್ರಿ.”

“ನಿಮ್ಮನ್ಯಾಗೂ ಒಂದಽ ಇತ್ತಲ್ರಿ ಅಕ್ಕಾರ,” ಎಂದರು ಕಾಕಾ.

ಮೊದಲ ಏಟು ತಾವೇ ಹಾಕಿದರು. ಬೇರು ಅಗೆದು ಸುಡುವವರೆಗೂ ಅಲ್ಲೇ ನಿಂತಿದ್ದರು. ಹಸಿ ಕಟ್ಟಿಗೆ ಲಗೂ ಹೊತ್ತಲಿಲ್ಲ, ಬರೀ ಹೊಗೆ... ಹೊರಡುವಾಗ ಆ ಹೆಣ್ಣುಮಗಳು, “ಗಿಡಾ ಹೋತಂತ ಬರೂದು ಬಿಡಬ್ಯಾಡ್ರಿ ಅಪ್ಪಾರ,” ಎಂದಳು. ಕಾಕಾ ಹೂಂ ಎಂದರು. ಮತ್ತೆ ಆ ಕಡೆ ಹೋಗಲಿಲ್ಲ.

ಸುತ್ತಲಿನ ತೋಟಗಳು ಉಳಿದವು. ಮುನಸಿಪಾಲ್ಟಿಯವರು ಕಡಿದ ಮನೆಗಳಿಗೆಲ್ಲ ಬೇರೆ ಜಾತಿಯ ಸಸಿ ಹಂಚಿದರು. ಅವೂ ಫಲ ಕೊಟ್ಟವು. ಕಾಕಾನ ಗಿಡದ ತಳಿ ಮಾತ್ರ ಇವತ್ತು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ಹಣ್ಣು ಹೇಗಿತ್ತೆಂದು ಮೊಮ್ಮಕ್ಕಳು ಕೇಳಿದರೆ ಹೇಳಲು ನನಗೂ ಈಗ ಬರುವುದಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನಾನೂ ಅತ್ತೆಯೂ ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅಮ್ಮಿನಬಾವಿಯ ಚಕ್ಕಡಿ ಬಂತು. ಆ ಎರಡನೆಯ ಹೆಂಡತಿ ಕೂಸನ್ನು ಯಾರದೋ ಕೈಗೆ ಕೊಟ್ಟು, ಕೂರಿಸಿದ್ದ ದೇಹದ ಮುಂದೆ ಕುಸಿದು, ಅಪ್ಪಾ ಅಪ್ಪಾ ಎಂದು ಅಳತೊಡಗಿದಳು. ನೆರೆದ ಹೆಂಗಸರಲ್ಲಿ ಒಬ್ಬಳು, ಇವಳು ಯಾರೆಂದು ಕೇಳಿದಳು.

“ಮಗಳು,” ಎಂದಳು ನಮ್ಮ ಅತ್ತೆ.