ಜೀಪಿನಲ್ಲಿ ಒಂದು ಸೀಟು ಖಾಲಿ

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ಕೆಲಸಕ್ಕಿದ್ದ ಶಿವಮೊಗ್ಗದ ತರಬೇತಿ ಕೇಂದ್ರ ನನ್ನನ್ನು ಕೊಪ್ಪಕ್ಕೆ ಕಳಿಸಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸಣ್ಣ ಸೇವಾಸಂಸ್ಥೆಗಳು ತಮಗೆ ಬೇಕಾದ ಹಣವನ್ನು ಊರಿನವರಿಂದಲೇ, ವರ್ಷ ವರ್ಷವೂ ಕೂಡಿಸಿಕೊಳ್ಳುವಂತೆ ಕಲಿಸಬೇಕಿತ್ತು. ನನಗಾಗ ಇಪ್ಪತ್ತಾರು. ಅಲ್ಲಿಯವರೆಗೆ ಯಾರ ಹತ್ತಿರವೂ ಒಂದು ರೂಪಾಯಿ ದೇಣಿಗೆ ಕೇಳಿದವಳಲ್ಲ. ಆದರೂ ಬಸ್ಸಿನಿಂದ ಇಳಿಯುವಾಗ ಮೂರೂ ತಾಲ್ಲೂಕನ್ನು ಗೆದ್ದುಬಿಡುವ ಹುಮ್ಮಸ್ಸಿತ್ತು.

ಮೊದಲು ಸಿಕ್ಕಿದವರು ಕೊಪ್ಪದ ಒಬ್ಬ ನಿವೃತ್ತ ನರ್ಸ್. ಸರ್ಕಾರಿ ನೌಕರಿ ಮುಗಿದ ಮೇಲೆ ಇಬ್ಬರು ಸಹಾಯಕಿಯರನ್ನೂ ಒಂದು ಹಳೇ ಜೀಪನ್ನೂ ಇಟ್ಟುಕೊಂಡು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಆರೈಕೆ ಮಾಡುತ್ತಿದ್ದರು. ಬೆನ್ನಿನ ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಹೇಳಿಕೊಡುವುದು, ಗಾಲಿಕುರ್ಚಿ ತಂದುಕೊಡುವುದು. ಖರ್ಚೆಲ್ಲ ದೂರದ ನಗರದ ಒಂದು ಟ್ರಸ್ಟಿನದು. ಆ ಟ್ರಸ್ಟು, ಇನ್ನೊಂದೇ ವರ್ಷ, ಆಮೇಲೆ ನಮ್ಮಿಂದಾಗದು ಎಂದು ಪತ್ರ ಬರೆದಿತ್ತು.

"ಇಂಜೆಕ್ಷನ್ ಚುಚ್ಚೋಕೆ ನನ್ನ ಕೈ ಒಂದಿನ ನಡುಗಿದ್ದಿಲ್ಲ ಮಾರಾಯ್ತಿ. ದುಡ್ಡು ಕೇಳೋಕೆ ಹೋದ್ರೆ ಮಾತ್ರ ನಾಲಿಗೆ ಏಳಲ್ಲ" ಎಂದರು ಅವರು.

ಬಾಯಲ್ಲಿ ಕೇಳುವುದೇ ಬೇಡ ಎಂದು ನಾನು ಒಂದು ಮನವಿಪತ್ರ ಬರೆದೆ. 'ಉದಾರ ಹೃದಯದ ಮಹನೀಯರೇ' ಎಂದು ಶುರುವಾಗಿ ಎರಡು ಪುಟ ಹರಿದಿತ್ತು. ಗುರುತಿನ ಬೆಳೆಗಾರರಿಗೆಲ್ಲ ಅಂಚೆಯಲ್ಲಿ ಕಳಿಸಿದೆವು. ಬಂದದ್ದು ಒಂದೇ ಉತ್ತರ. ಅದೂ ಯಾರದೋ ಗೃಹಪ್ರವೇಶದ ಆಮಂತ್ರಣ. ನಾನು ನಾಚಿಕೆಯಿಂದ ತಲೆ ತಗ್ಗಿಸಿದರೆ ನರ್ಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನ ಕಾಗದ ಓದಿದ್ರೆ ನಂಗೇ ಕೊಡೋ ಮನಸ್ಸು ಬರಲ್ಲ. ಮುಖ ನೋಡಿ ಕೇಳೋದೇ ಸೈ. ನೀ ಜೊತೆಗೆ ಬಾ."

ಒಂದು ವಾರ ತಾಲೀಮು ನಡೆಯಿತು. ನಾನು ಬೆಳೆಗಾರಳಾಗಿ ಕುರ್ಚಿಯಲ್ಲಿ ಕೂರುವುದು, ಅವರು ಬಂದು ಕೇಳುವುದು. ಮೊದಲ ದಿನ ನನ್ನ ಬಿ.ಪಿ., ನಿದ್ದೆ, ಊಟ ಎಲ್ಲ ವಿಚಾರಿಸಿ, ಬಂದ ವಿಷಯವನ್ನೇ ಮರೆತು ಎದ್ದುಹೋದರು. ವಾರದ ಕೊನೆಗೆ ಕಣ್ಣಲ್ಲಿ ಕಣ್ಣಿಟ್ಟು ಕೇಳುವಂತಾದರು.

ಭಂಡಿಗಡಿಯಲ್ಲಿ ಅರವತ್ತು ದಾಟಿದ ಒಬ್ಬ ಕಾಫಿ ಬೆಳೆಗಾರರಿದ್ದರು. ಬಿಗುವಿನ ಮನುಷ್ಯ ಎಂದು ಹೆಸರು. ನಮಗೆ ಕಾಫಿ ಕೊಟ್ಟು, ನರ್ಸ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, "ನಿಮ್ಮ ಹಾಗೆ ಸುಮಾರು ಜನ ಬರ್ತಾರೆ. ರಶೀದಿ ಹರಿದು ಕೊಟ್ಟು ಹೋಗ್ತಾರೆ. ಮತ್ತೆ ಮುಖ ತೋರ್ಸೋದು ದುಡ್ಡು ಬೇಕಾದಾಗಲೇ. ನಾನು ಕೊಡಲ್ಲ" ಎಂದರು.

ನಾನು ಚೀಲ ಎತ್ತಿಕೊಂಡೆ. ನರ್ಸ್ ಏಳಲಿಲ್ಲ.

"ದುಡ್ಡು ಬೇಡ. ಗುರುವಾರ ಮೆಣಸೆ ಕಡೆ ಹೋಗ್ತೀವಿ. ಜೀಪಲ್ಲಿ ಒಂದು ಸೀಟು ಖಾಲಿ ಇದೆ. ಬನ್ನಿ."

"ನಾನು ಬಂದು ಎಂತ ಮಾಡ್ಲಿ?"

"ಒಬ್ರನ್ನ ಎತ್ತಿ ಕೂರ್ಸೋದಿದೆ. ಗಟ್ಟಿ ರಟ್ಟೆ ಬೇಕು."

ಇದು ನಾವು ತಾಲೀಮು ಮಾಡಿದ ಮಾತಾಗಿರಲಿಲ್ಲ.

ಗುರುವಾರ ಬೆಳಗ್ಗೆ ಬೆಳೆಗಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮಗಿಂತ ಮೊದಲೇ ರಸ್ತೆಬದಿಯಲ್ಲಿ ನಿಂತಿದ್ದರು. ಮೆಣಸೆಯ ಒಂದು ಮನೆಯಲ್ಲಿ, ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದ ಒಬ್ಬ ಕೂಲಿಯವರಿದ್ದರು. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿ ಎರಡು ವರ್ಷದಿಂದ ಒಳಕೋಣೆಯಲ್ಲೇ ಮಲಗಿದ್ದರು. ಹುಣ್ಣು ಆಗಷ್ಟೇ ಮಾಯ್ದಿತ್ತು. ಅಂದು ಅವರನ್ನು ಮೊದಲ ಬಾರಿ ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತರಬೇಕಿತ್ತು. ನರ್ಸ್ ತೋರಿಸಿಕೊಟ್ಟಂತೆ ಬೆಳೆಗಾರರು ತೋಳು ಕೊಟ್ಟು ಎತ್ತಿದರು. ಕುರ್ಚಿ ಹೊಸಿಲು ದಾಟಿತು.

ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸುತ್ತ ನೋಡಿದ ಆ ಮನುಷ್ಯ ಹೆಂಡತಿಯನ್ನು ಕೇಳಿದರು: "ಇಲ್ಲಿದ್ದ ಹಲಸಿನ ಮರ ಎಲ್ಲಿ?"

"ಗಾಳಿಗೆ ಬಿತ್ತು. ಹೋದ್ವರ್ಷವೇ ಹೇಳಿದ್ನಲ್ಲ."

"ಹೇಳಿಲ್ಲ ನೀನು."

ಇಬ್ಬರಿಗೂ ಅಲ್ಲೇ ಸಣ್ಣ ಜಗಳ ಹತ್ತಿಕೊಂಡಿತು. ನಾವೆಲ್ಲ ನಗುತ್ತಿದ್ದೆವು. ಬೆಳೆಗಾರರು ಮಾತ್ರ ಬೇಲಿಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ವಾಪಸು ಬರುವಾಗ ಅರ್ಧ ದಾರಿಗೆ ಅವರೇ ಬಾಯಿಬಿಟ್ಟರು. "ಇದೆಲ್ಲ ನಡೆಸೋಕೆ ತಿಂಗಳಿಗೆ ಎಷ್ಟು ಬೇಕು? ನಾನೇ ಕೊಡ್ತೀನಿ."

ನಾನು ನರ್ಸ್ ಕಡೆ ನೋಡಿದೆ. ಹೂಂ ಎನ್ನಿ, ಹೂಂ ಎನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನರ್ಸ್ ಅಡ್ಡಡ್ಡ ತಲೆಯಾಡಿಸಿದರು. "ಒಬ್ರೇ ಪೂರ್ತಿ ಕೊಡೋದು ಬೇಡ. ನೀವು ನಿಲ್ಸಿದ ದಿನ ನಾವೂ ನಿಲ್ತೀವಿ. ಒಂದು ಪಾಲು ನೀವು ಕೊಡಿ. ಇನ್ನುಳಿದದ್ದಕ್ಕೆ ಗುರುವಾರಕ್ಕೊಬ್ರನ್ನ ಈ ಸೀಟಿಗೆ ಕಳ್ಸಿ."

ಜೀಪಿನಲ್ಲೇ ಎದ್ದು ಕುಣಿಯಬೇಕೆನಿಸಿತು. ನಾನು ತಿಂಗಳಿಂದ ಚಾರ್ಟು ಬರೆದು ವಿವರಿಸಲು ಹೆಣಗಾಡಿದ್ದ ಪಾಠವನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಬೆಳೆಗಾರರು ಒಪ್ಪಿದರು, ಮಾತಿಗೂ ತಪ್ಪಲಿಲ್ಲ. ಜವಳಿ ಅಂಗಡಿಯವರು, ಮೇಷ್ಟ್ರು, ಟೈಲರ್, ಅವರವರ ಹೆಂಡತಿಯರು, ಹೀಗೆ ವಾರಕ್ಕೊಬ್ಬರು ಜೀಪು ಹತ್ತಿದರು. ಬಂದವರಲ್ಲಿ ಹೆಚ್ಚಿನವರು ತಮ್ಮ ಕೈಲಾದಷ್ಟನ್ನು ತಿಂಗಳು ತಿಂಗಳು ಕೊಡಲು ಒಪ್ಪಿದರು. ನರ್ಸ್ ಅವರಿಗೆಲ್ಲ ಆಗಾಗ ಕಾರ್ಡು ಬರೆಯುತ್ತಿದ್ದರು. ಅದರಲ್ಲಿ ಹಣದ ಮಾತೇ ಇರುತ್ತಿರಲಿಲ್ಲ. ಯಾರು ಎದ್ದು ಕೂತರು, ಯಾರು ತೀರಿಕೊಂಡರು, ಇಷ್ಟೇ. ಟ್ರಸ್ಟಿನ ನೆರವು ನಿಂತ ತಿಂಗಳೂ ಜೀಪು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ.

ಮರುವರ್ಷ ಕಡಹಿನಬೈಲಿನಲ್ಲಿ ಸಣ್ಣ ಸಂಸ್ಥೆಗಳ ಸಭೆ ಕರೆದೆ. ಪಾಠ ಮಾಡಿದ್ದು ನಾನಲ್ಲ, ನರ್ಸ್. ನರಸಿಂಹರಾಜಪುರದಲ್ಲಿ ಕಿವಿ ಕೇಳದ ಮಕ್ಕಳಿಗೆ ತರಗತಿ ನಡೆಸುತ್ತಿದ್ದ ಟೀಚರೊಬ್ಬರು ಎದ್ದು ನಿಂತರು. "ನಮ್ಮತ್ರ ಜೀಪಿಲ್ಲ. ನಾವೆಂತ ಮಾಡೋದು?"

"ಬೆಂಚಿದ್ಯಲ್ಲ? ಬಂದವ್ರನ್ನ ಮಕ್ಕಳ ಮಧ್ಯೆ ಕೂರ್ಸಿ" ಎಂದರು ನರ್ಸ್.

ಮುಂದಿನ ವಾರ ಆ ಟೀಚರು ನನಗೆ ಫೋನ್ ಮಾಡಿದರು. ಇಬ್ಬರು ಅಂಗಡಿ ಯಜಮಾನರು ಬಂದು ಬೆಂಚಿನಲ್ಲಿ ಕೂತಿದ್ದಾರೆ, ಮಕ್ಕಳು ಅವರಿಗೆ ಕೈಸನ್ನೆಯಲ್ಲಿ ಹೆಸರು ಹೇಳುವುದನ್ನು ಕಲಿಸುತ್ತಿದ್ದಾರೆ ಎಂದು ಹೇಳುವಾಗ ಖುಷಿಗೆ ಟೀಚರಿಗೆ ಮಾತೇ ತೊದಲುತ್ತಿತ್ತು. ಈಗಲೇ ದೇಣಿಗೆ ಕೇಳಲಾ, ಇನ್ನೊಂದು ದಿನ ಕಾಯಲಾ ಎಂದು ಅವರು ಕೇಳಿದರು. ಮೊದಲು ಆ ಯಜಮಾನರು ಕೈಸನ್ನೆಯಲ್ಲಿ ತಮ್ಮ ಹೆಸರು ಹೇಳಲು ಕಲಿಯಲಿ ಎಂದೆ.