ಅವನು ಅವಳಾದ ಪುಸ್ತಕ

ನನ್ನ ಮೊದಲ ಪುಸ್ತಕವನ್ನು ನಾನೇ ಅಚ್ಚು ಹಾಕಿಸಿದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ನಾನು ಹಸ್ತಪ್ರತಿ ಕಳಿಸಿದ್ದ ಪ್ರಕಾಶಕರಲ್ಲಿ ಒಬ್ಬರು ಮಾತ್ರ ಉತ್ತರ ಬರೆದರು. ಭಾಷೆ ಚೆನ್ನಾಗಿದೆ, ವಸ್ತು ನಮ್ಮ ಓದುಗರಿಗೆ ಹಿಡಿಸುವುದಿಲ್ಲ ಎಂದಿದ್ದರು. ವಸ್ತು ದೊಡ್ಡದೇನೂ ಅಲ್ಲ. ಸಣ್ಣ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬ ಮಾಸ್ತರ ಇರುತ್ತಾನೆ. ಭಾನುವಾರ ಬಸ್ಸಿಳಿದು ಅವನನ್ನು ನೋಡಲು ಒಬ್ಬ ಬರುತ್ತಾನೆ. ಇಬ್ಬರೂ ಅಡುಗೆ ಮಾಡುತ್ತಾರೆ, ಜಗಳಾಡುತ್ತಾರೆ, ಸಂಜೆಯ ಬಸ್ಸಿಗೆ ಅವನು ಹೋಗುತ್ತಾನೆ. ಇಬ್ಬರ ನಡುವೆ ಇದ್ದದ್ದು ಪ್ರೀತಿ ಎಂದು ನಾನು ಮುಚ್ಚಿಡದೆ ಬರೆದಿದ್ದೆ. ನನ್ನಂಥವರಿಗೆ ಆಗ ನಮ್ಮ ಕಡೆ ಬೈಗುಳದ ಹೊರತು ಬೇರೆ ಪದವೇ ಇರಲಿಲ್ಲ. ಆ ಬೈಗುಳವಿಲ್ಲದೆ ಒಂದು ಕಥೆ ಹೇಳಬೇಕೆಂಬುದಷ್ಟೇ ನನ್ನ ಆಸೆಯಾಗಿತ್ತು.

ಕಥೆಯಲ್ಲಿ ಬಸ್ಸಿಳಿದು ಬರುವವನು ನಿಜವಾಗಿಯೂ ಇದ್ದ. ಅಫಜಲಪುರದ ತಹಶೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಪರೀಕ್ಷೆಯ ಕೆಲಸಕ್ಕೆಂದು ನಾನು ಆ ಊರಿಗೆ ಹೋದಾಗ ಪ್ರಶ್ನೆಪತ್ರಿಕೆಯ ಪೆಟ್ಟಿಗೆಯ ಜೊತೆ ಬಂದವನು ಅವನು. ಅವನ ಅಜ್ಜ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಜಮೀನಿನ ಕಾಗದ ಬರೆಯುತ್ತಿದ್ದರಂತೆ. ಮೊಮ್ಮಗನ ಕೈಗೆ ಕನ್ನಡದ ಅಕ್ಷರವೂ ಹಾಗೇ ಒಲಿದಿತ್ತು. ಮನೆಯಲ್ಲಿ ದಖ್ಖನಿ ಮಾತಾಡುತ್ತಿದ್ದ, ನನ್ನ ಜೊತೆ ಕನ್ನಡ. ನಾಲ್ಕು ವರ್ಷ ಅವನು ಭಾನುವಾರಗಳಂದು ಜೇವರ್ಗಿಗೆ ಬಂದ. ಅಫಜಲಪುರದ ಪಕ್ಕ ಹರಿದ ಭೀಮೆಯೇ ಮುಂದೆ ಜೇವರ್ಗಿಯ ಕಡೆ ಬರುತ್ತಾಳೆ. ತಾನು ಬಸ್ಸಿಗೆ ದುಡ್ಡು ಕೊಡುತ್ತೇನೆ, ಹೊಳೆ ಪುಕ್ಕಟೆ ಬರುತ್ತದೆ ಎಂದು ನಗುತ್ತಿದ್ದ.

ಪುಸ್ತಕವನ್ನು ಆಳಂದದಲ್ಲಿ ಅಚ್ಚು ಹಾಕಿಸುವುದೆಂದು ತೀರ್ಮಾನಿಸಿದೆ. ನನ್ನ ಊರು ಆ ತಾಲೂಕಿನ ಸರಸಂಬಾ. ಆಳಂದದ ಒಂದು ಪ್ರೆಸ್ಸಿನ ಯಜಮಾನ ನನ್ನ ಜೊತೆ ಶಾಲೆ ಕಲಿತವನು. ಲಗ್ನಪತ್ರಿಕೆ, ಅಂಗಡಿಗಳ ಪಾವತಿ ಪುಸ್ತಕ ಅಚ್ಚು ಹಾಕುತ್ತಿದ್ದ. ಕಥೆ ಏನೆಂದು ಮೊದಲೇ ಹೇಳಿಬಿಡೋಣವೆಂದು ಬಾಯಿ ತೆರೆದರೆ ಅವನು ತಡೆದ.

"ನಾವು ಅಕ್ಷರ ನೋಡ್ತೇವಿ, ಕಥಿ ಓದಂಗಿಲ್ಲ. ಆದ್ರ ನಿನ್ನ ಅಕ್ಷರ ನಮ್ಮ ಹುಡುಗರಿಗೆ ತಿಳಿಯಂಗಿಲ್ಲ ನೋಡು. ಛಂದಾಗಿ ಬರಸ್ಕೊಂಡು ಬಾ."

ಹಾಗಾಗಿ ನಕಲು ಮಾಡುವ ಕೆಲಸ ಅಫಜಲಪುರದ ನನ್ನ ಗುಮಾಸ್ತನ ಪಾಲಿಗೆ ಬಂತು. ಒಂದು ಬೇಸಿಗೆಯಿಡೀ ಕೂತು ಬರೆದ. ಮುಗಿದ ಮೇಲೆ ನನ್ನ ಕೈಗೂ ಕೊಡದೆ, ಕಚೇರಿ ಕೆಲಸಕ್ಕೆ ಆಳಂದಕ್ಕೆ ಹೋಗುವುದಿದೆ ಎಂದು ತಾನೇ ಪ್ರೆಸ್ಸಿಗೆ ಮುಟ್ಟಿಸಿದ. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನನ್ನ ಪುಸ್ತಕಕ್ಕಾಗಿ ಅವನು ಓಡಾಡುತ್ತಾನಲ್ಲ ಎಂದು ಖುಷಿಯೇ ಆಗಿತ್ತು.

ತಿದ್ದಲು ಅಚ್ಚಿನ ಮೊದಲ ಕರಡು ಬಂದಾಗ ಪ್ರೆಸ್ಸಿನ ಎದುರಿನ ಚಹಾದಂಗಡಿಯಲ್ಲಿ ಕೂತು ಓದಿದೆ. 'ಅವಳು ಬಾಗಿಲು ತಟ್ಟಿದಳು' ಎಂದಿತ್ತು. ಅಚ್ಚಿನ ಮೊಳೆ ಜೋಡಿಸಿದವರ ತಪ್ಪೆಂದು ತಿದ್ದಿದೆ. ಮುಂದಿನ ಸಾಲಿನಲ್ಲೂ ಅವಳೇ, ಅದರ ಮುಂದೆಯೂ ಅವಳೇ. ಪಕ್ಕದೂರಿನ ಸರ್ಕಾರಿ ಆಸ್ಪತ್ರೆಯ ನರ್ಸ್ ಅಂತೆ. ಕಪ್ಪು ಕೊಡೆ ಹಿಡಿದು ಬರುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಪ್ರೆಸ್ಸಿನೊಳಗೆ ಹೋಗಿ ನಕಲು ಪ್ರತಿ ತರಿಸಿ ನೋಡಿದೆ. ಎಲ್ಲ ಅವನದೇ ದುಂಡು ಅಕ್ಷರ. ಒಂದು ಕಡೆಯೂ ಹೊಡೆದು ಬರೆದದ್ದಿರಲಿಲ್ಲ.

ಆ ಭಾನುವಾರ ಅವನು ಬಂದಾಗ ಕರಡನ್ನು ಮುಂದಿಟ್ಟೆ. ಅವನು ಅದನ್ನು ನೋಡಲಿಲ್ಲ.

"ಕಥಿ ಎಲ್ಲಾ ಹಾಂಗೇ ಅದಲ್ಲ," ಎಂದ. "ಬಾಗಲಾ, ಅಡಗಿ, ಜಗಳ, ಎಲ್ಲಾ ನಮ್ದೇ ಅದ. ನನ್ನ ಒಬ್ಬನ್ನ ಅಷ್ಟೇ ತೆಗದೇನಿ."

"ನನ್ನ ಒಂದ್ ಮಾತು ಕೇಳಬಾರದಿತ್ತೇನು?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ. ನಾ ಅಫಜಲಪುರದಾಗ ಇರಾಂವ. ನಮ್ಮ ಅಬ್ಬಾ ದಿನಾ ಮಸೂತಿಗೆ ಹೋಗ್ತಾರ. ಆಯಿತವಾರ ನಿನ್ನ ಮನಿಗೆ ಯಾರು ಬರ್ತಾರಂತ ಈ ಊರ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತದ." ಕರಡನ್ನು ನನ್ನ ಕಡೆ ಸರಿಸಿ ಹೇಳಿದ: "ನಿನಗ ಬ್ಯಾಡಾದ್ರ ಹೇಳು. ನೀ ಮೊದಲ ಬರದಿದ್ದನ್ನ ತಂದು ಕೊಡ್ತೇನಿ."

ನಾನು ಅವನ ಮುಖ ನೋಡಿದೆ. "ಇರಲಿ ಬಿಡು," ಎಂದೆ. ಅವನಿಗೆ ಬೇಕಾದದ್ದನ್ನು ಕೊಟ್ಟೆ ಎಂಬ ಸಮಾಧಾನವಿತ್ತು. ಆ ದಿನ ಅವನು ಎಂದಿನ ಬಸ್ಸಿಗಿಂತ ಮೊದಲಿನ ಬಸ್ಸಿಗೆ ಹೋದ.

ಪುಸ್ತಕ ಹೊರಬಂತು. ನಾನು ಎಣಿಸದ ರೀತಿಯಲ್ಲಿ ಜನ ಅದನ್ನು ಮೆಚ್ಚಿದರು. ಜೇವರ್ಗಿ, ಅಫಜಲಪುರ, ಆಳಂದ ಮೂರೂ ತಾಲೂಕಿನ ಮಾಸ್ತರರು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮಾರಿಕೊಟ್ಟರು. ಮದುವೆಗಳಲ್ಲಿ ಅದನ್ನು ಉಡುಗೊರೆ ಕೊಡುವ ರೂಢಿ ಬಿತ್ತು. ಖಜೂರಿ ಊರಿನ ಒಬ್ಬ ಲಾರಿ ಮಾಲೀಕ ತನ್ನ ತಂಗಿಯ ಲಗ್ನಕ್ಕೆಂದು ಒಂದು ಕಟ್ಟನ್ನೇ ಒಯ್ದ. ಆ ನರ್ಸಬಾಯಿಯನ್ನು ಎಲ್ಲಿ ನೋಡಿದಿರಿ ಎಂದು ಹೆಣ್ಣುಮಕ್ಕಳು ಕೇಳುತ್ತಿದ್ದರು. ನಾನು ನಕ್ಕು ಮಾತು ಬದಲಿಸುತ್ತಿದ್ದೆ.

ಸರಸಂಬಾದಲ್ಲಿ ನನ್ನವ್ವನಿಗೆ ಪಕ್ಕದ ಮನೆಯ ಹುಡುಗಿ ಪುಸ್ತಕವನ್ನು ಪೂರ್ತಿ ಓದಿ ಹೇಳಿದ್ದಳು. ನಾನು ರಜೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಾ, ನನ್ನ ಕಡೆ ತಿರುಗದೆ ಕೇಳಿದಳು.

"ಆಕಿ ಈಗ ಎಲ್ಲಿ ಅದಾಳೋ?"

"ಯಾರು ಬೇ?"

"ಆ ಕೊಡಿ ಹಿಡಕೊಂಡು ಬರಾಕಿ. ಇಷ್ಟು ವರ್ಸ ಲಗ್ನ ಬ್ಯಾಡ ಅಂದಿದ್ದು ಆಕಿ ಸಲುವಾಗಿ ಅಂತ ಮೊದಲೇ ಹೇಳಿದ್ರ ಆಗ್ತಿದ್ದಿಲ್ಲೇನು? ಯಾ ಜಾತಿಯಾಕಿ ಇದ್ರೂ ಕರ್ಕೊಂಡು ಬಾ. ನಾ ಏನೂ ಅನ್ನಂಗಿಲ್ಲ."

ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಹೆಂಗಸು ಅವಳು. ಯಾವ ಜಾತಿಯವಳಾದರೂ ಆಗಲಿ ಎನ್ನಲು ಒಳಗೆ ಎಷ್ಟು ಹೊಡೆದಾಡಿದ್ದಳೋ. ಅದು ಬರೀ ಕಥೆ ಎಂದೆ. ಅವಳು ನಂಬಲಿಲ್ಲ. ಯಾವಳೋ ಒಬ್ಬಳು ಮಗನ ಕೈಬಿಟ್ಟು ಹೋದಳೆಂದೇ ತಿಳಿದು, ಇಲ್ಲದ ಆ ಹೆಣ್ಣನ್ನು ಬೈಯುತ್ತಲೇ ತೀರಿಕೊಂಡಳು. ಜಾತಿ ದಾಟಿ ಅಷ್ಟು ದೂರ ನಡೆದು ಬಂದಿದ್ದ ಅವ್ವ ಇನ್ನೊಂದು ಹೆಜ್ಜೆ ಇಡುತ್ತಿದ್ದಳೋ ಏನೋ. ನನಗೆ ಅದು ಎಂದೂ ತಿಳಿಯಲಾರದು.

ಪುಸ್ತಕ ಬಂದ ಎರಡನೇ ವರ್ಷ ಅವನ ಮದುವೆಯಾಯಿತು. ಭಾನುವಾರಗಳು ಮೊದಲು ವಿರಳವಾದವು, ಆಮೇಲೆ ನಿಂತವು. ಮುಂದೆ ಅವನಿಗೆ ಆಳಂದದ ಕಚೇರಿಗೆ ವರ್ಗವಾಯಿತೆಂದು ಯಾರೋ ಹೇಳಿದರು.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಜೇವರ್ಗಿ ಹತ್ತಿರದ ಇಜೇರಿಯ ರೈತನೊಬ್ಬ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ನಡುವಯಸ್ಸು, ತಲೆಗೆ ರುಮಾಲು. ಕೋಣೆಗೆ ಕರೆದೊಯ್ದೆ. ಬಗಲಿನಿಂದ ನನ್ನ ಪುಸ್ತಕ ತೆಗೆದು ಒಂದು ಪುಟ ತೋರಿಸಿದ.

"ಇಲ್ಲಿ 'ಮಳೆಯಲ್ಲಿ ನೆನೆದು ಒಳಗೆ ಬಂದ' ಅಂತ ಅದರಿ. ಹಿಂದ ಮುಂದ ಎಲ್ಲಾ ಕಡಿ 'ಬಂದಳು' ಅದ. ಇದು ಛಾಪಾದ ತಪ್ಪೇನ್ರಿ?"

ನಕಲು ಮಾಡುವಾಗ ಅವನ ಕಣ್ಣು ತಪ್ಪಿ ಉಳಿದ ಒಂದೇ ಸಾಲು ಅದು. ನಾನೂ ಗಮನಿಸಿರಲಿಲ್ಲ.

"ತಪ್ಪಲ್ಲರಿ," ಎಂದೆ. "ಅದೊಂದೇ ಸರಿ ಉಳದದ."

ಬಂದವನು ಆ ಸಾಲಿನ ಮೇಲೆ ಬೆರಳಾಡಿಸಿದ. "ನಂಗೂ ಹಂಗೇ ಅನಿಸಿತ್ತರಿ," ಎಂದ. ಚಹಾ ಕುಡಿದ. ಹೆಂಡತಿ, ಮಕ್ಕಳು, ತೊಗರಿಯ ಬೆಳೆ ಎಂದು ನಾಲ್ಕು ಮಾತಾಡಿದ. ಏಳುವಾಗ, "ಎಲ್ಲಾ ಕಡಿ ಹಂಗೇ ಇದ್ದಿದ್ರ ಛಲೋ ಇತ್ತರಿ. ಇನ್ನೊಬ್ಬಾಂವ ಎಲ್ಲೋ ಅದಾನಂತ ನಮಗ ಗೊತ್ತಾಗ್ತಿತ್ತು," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ರೈತನ ಮಾತಿನಿಂದಲೇ ನಾನು ಎರಡನೆಯ ಅಚ್ಚಿಗೆ ಮನಸ್ಸು ಮಾಡಿದ್ದು. ಆದರೂ ಕೈ ಹಾಕುವ ಹೊತ್ತಿಗೆ ತೊಂಬತ್ತರ ದಶಕ ಅರ್ಧ ಕಳೆದಿತ್ತು. ನನ್ನ ಮೂಲ ಪ್ರತಿ ನಕಲು ಮಾಡಿದವನ ಬಳಿಯೇ ಉಳಿದಿತ್ತು. ಕೇಳಿ ಕಳಿಸಿದರೆ, ಮನೆ ಬದಲಿಸುವಾಗ ನೋಡಿದರೆ ಗೆದ್ದಲು ತಿಂದಿತ್ತು ಎಂಬ ಉತ್ತರ ಬಂತು. ಅಚ್ಚಾದ ಪುಸ್ತಕವನ್ನೇ ಮುಂದಿಟ್ಟುಕೊಂಡು ಅವಳನ್ನು ಅವನನ್ನಾಗಿ ಮಾಡಲು ಕೂತೆ. ಕ್ರಿಯಾಪದಗಳ ಕೊನೆ ತಿದ್ದಿದರೆ ಮುಗಿಯಿತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆ ನರ್ಸ್ ಮಾತಾಡುವ ಕೆಲವು ಪುಟಗಳು ಅವನು ಸ್ವಂತ ಬರೆದವು, ನಾನು ಬರೆದದ್ದಕ್ಕಿಂತ ಚೆನ್ನಾಗಿದ್ದವು. ಅವನ್ನು ಹೊಡೆದು ಹಾಕುವಾಗ ಕೈ ತಡೆಯುತ್ತಿತ್ತು. ನನ್ನ ಹಳೆಯ ಸಾಲುಗಳೂ ಸರಿಯಾಗಿ ನೆನಪಾಗಲಿಲ್ಲ. ಮೂವತ್ತು ದಾಟಿದ ಹೊಸದರಲ್ಲಿ ಬರೆದದ್ದನ್ನು ತಲೆ ನರೆತ ಮೇಲೆ ಊಹಿಸಿ ಬರೆದೆ. ಗುಲಬರ್ಗಾದಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿದ ಆ ಪುಸ್ತಕ ನೋಡಲು ಅಂದವಾಗಿತ್ತು. ಓದಿದರೆ ಒಣಗಿದಂತಿತ್ತು. ಒಂದು ಪ್ರತಿ ಹಿಡಿದು ಇಜೇರಿಗೆ ಹೋದೆ. ಬಂದಿದ್ದ ರೈತನ ಹೆಸರನ್ನೇ ನಾನು ಕೇಳಿರಲಿಲ್ಲ. ಎರಡು ಓಣಿ ತಿರುಗಿ ವಾಪಸು ಬಂದೆ.

ಇನ್ನೊಂದು ಪ್ರತಿ ಹಿಡಿದು ಆಳಂದಕ್ಕೆ, ಭಾನುವಾರ ಬರುತ್ತಿದ್ದವನ ಮನೆಗೆ ಹೋದೆ. ಅವನ ಗಡ್ಡ ಬೆಳ್ಳಗಾಗಿತ್ತು. ಹೆಂಡತಿ ಊಟ ಬಡಿಸುತ್ತಾ ಹೇಳಿದಳು:

"ನಿಮ್ಮ ಪುಸ್ತಕ ನಮ್ಮ ಶಾದಿಯೊಳಗ ಬಂದಿತ್ತರಿ, ಮಾಸ್ತರ್ರೇ. ನಾ ಎರಡು ಸಲ ಓದೇನಿ. ಆ ನರ್ಸಬಾಯಿ ಭಾಳ ಛಲೋ ಅದಾಳರಿ."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಹೊಸ ಪುಸ್ತಕದ ಮೊದಲ ಪುಟ ತೆರೆದು ಎರಡು ಸಾಲು ಓದಿದ, ಮುಚ್ಚಿ ಕಚೇರಿಯ ಚೀಲದೊಳಗೆ ಇಟ್ಟ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ಬೇವಿನ ಮರದ ಕೆಳಗೆ ನಿಂತಾಗ ಹೇಳಿದ:

"ಅವತ್ತು ನೀ ಒಂದ್ ಸಲ ಜಗಳಾಡಬೇಕಿತ್ತು."

"ನಿನಗ ಹಂಗ ಬೇಕಿತ್ತಂತ ಸುಮ್ಮನಾದೆ."

"ಬೇಕಿತ್ತು. ಅಂಜಿದ್ದೆ. ಆದ್ರ ನೀ 'ಇರಲಿ ಬಿಡು' ಅಂದಿ. ಅಷ್ಟು ಲಗೂನ ಅಂದಿ, ಒಂದ್ ನಿಮಿಷ ಸೈತ ತಡೀಲಿಲ್ಲ."

"ಜಗಳಾಡಿದ್ರ ಒಪ್ತಿದ್ದೇನು?"

ಅವನು ಯೋಚಿಸಿದ. "ಒಪ್ತಿದ್ದಿಲ್ಲ," ಎಂದ. "ಆದ್ರ ಜಗಳಾಡಿದ್ದು ನೆನಪಿಗಿರ್ತಿತ್ತು."

ಬಸ್ಸು ಬಂತು, ಹತ್ತಿದೆ. ಮುಂದೆಯೂ ಎರಡು ಮೂರು ಸಲ ಅವರಿವರ ಮನೆಯ ಕಾರ್ಯಗಳಲ್ಲಿ ನಾವು ಎದುರಾದೆವು. ಮಕ್ಕಳ ಓದು, ಬಿಸಿಲು, ವರ್ಗಾವಣೆ, ಇವೇ ಮಾತು. ಅವನು ಆ ಹೊಸ ಪುಸ್ತಕ ಓದಿದನೋ ಇಲ್ಲವೋ ನನಗೆ ಗೊತ್ತಿಲ್ಲ.